ಕೋಟೆಯ ಕೆಳಗೆ ಒಂದು ಹಗಲಾಟ

ಮೊನ್ನೆ ಮಧ್ಯಾಹ್ನ ಮಡಕಶಿರಾದ ನಮ್ಮ ಮನೆಗೆ ಒಂದು ಕಾರ್ಡು ಬಂತು. ಅಕ್ಷರವೆಲ್ಲ ತೆಲುಗು, ಮಾತೆಲ್ಲ ಕನ್ನಡ. ಟಪಾಲಿನವನು ನೆಲ್ಲೂರಿನ ಕಡೆಯವನು. ದಾರಿಯಲ್ಲೇ ಓದಿಕೊಂಡು ಬಂದಿದ್ದನೆಂದು ಕಾಣುತ್ತದೆ, ಇದು ಯಾವ ತೆಲುಗು ಸ್ವಾಮಿ, ಒಂದು ಮಾತೂ ತಿಳಿಯಲಿಲ್ಲವಲ್ಲ ಎಂದು ಕೇಳಿದ. ಹೀಗೆ ಬರೆಯುವವರು ಈಗ ಭೂಮಿಯ ಮೇಲೆ ಉಳಿದಿದ್ದರೆ ಹತ್ತು ಹನ್ನೆರಡು ಜನ, ಎಲ್ಲರೂ ನಮ್ಮ ನಾಟಕದವರು. ಬರೆದಿದ್ದವನು ರಾಯದುರ್ಗದ ಜಟಕಾ ಹುಸೇನ. 'ನಾಟಕದ ಮಾಸ್ತರು ಹೋದರು. ಎಲ್ಲಾ ಕರ್ಮ ಮುಗಿದವು. ಅಕ್ಕ ಗಟ್ಟಿಯಾಗಿದ್ದಾರೆ. ನಿಮಗೆ ತಿಳಿಸು ಅಂದರು.' ಇಷ್ಟೇ. ಅಕ್ಕ ಎಂದರೆ ಮಾಸ್ತರ ಹೆಂಡತಿ.

ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಒಲೆಯ ಮೇಲೆ ನಾನೇ ಹಾಲಿಟ್ಟಿದ್ದೆ. ಕಾರ್ಡು ಹಿಡಿದು ಬಾಗಿಲಲ್ಲಿ ನಿಂತವನು ನಿಂತೇ ಇದ್ದೆ. ಒಳಗೆ ಹಾಲು ಉಕ್ಕಿ ಹರಿದು ಒಲೆಯನ್ನೇ ಆರಿಸಿತ್ತು. ಸೀದ ವಾಸನೆ ಮೂಗಿಗೆ ಬಡಿದಾಗ ಆ ದುಃಖದಲ್ಲೂ ನನಗೆ ನಗು ಬಂತು. ಮಾಸ್ತರು ಇದ್ದಿದ್ದರೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಯಾಕೆ ಎಂದು ತಿಳಿಯಬೇಕಾದರೆ ಒಂದು ಮಧ್ಯಾಹ್ನದ ಕತೆ ಹೇಳಬೇಕು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಾಟಕದ ಕರಪತ್ರದಲ್ಲಿ ಅವರೇ ಎಂದೂ ತಮ್ಮ ಹೆಸರು ಹಾಕಿಸಿದವರಲ್ಲ. ಹೆಸರು ಕಂಡರೆ ಜನ ದರ್ಜಿಯನ್ನು ನೋಡಲು ಬರುತ್ತಾರೆ, ಪಾತ್ರವನ್ನು ನೋಡುವುದಿಲ್ಲ ಎನ್ನುತ್ತಿದ್ದರು. ಹೌದು, ಅವರು ದರ್ಜಿ. ರಾಯದುರ್ಗದ ಪೇಟೆ ಬೀದಿಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ನಾಟಕ ಬರೆಯುವುದು, ಅದನ್ನು ಕಲಿಸುವುದು, ಅದರಲ್ಲಿ ಹೆಣ್ಣಿನ ವೇಷ ಕಟ್ಟುವುದು, ಮೂರೂ ಅವರದೇ.

ನಾನು ಅವರನ್ನು ಮೊದಲು ಕಂಡದ್ದು ಕೋಟು ಹೊಲಿಸಲು ಹೋಗಿ. ಆಗ ಮದ್ರಾಸ್ ಪ್ರಾಂತದ ಕಾಲ. ಮಡಕಶಿರಾ ಅನಂತಪುರ ಜಿಲ್ಲೆಗೆ, ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದ ನನಗೆ ಇಲ್ಲಿಂದ ಅಲ್ಲಿಗೆ ವರ್ಗವಾಗಿತ್ತು. ಹೊಸ ಊರು, ಹೊಸ ಸಾಹೇಬರು. ಕೋಟಿಲ್ಲದೆ ಹೋದರೆ ಮರ್ಯಾದೆ ಎಲ್ಲಿ? ಮಾಸ್ತರು ಟೇಪು ಹಿಡಿದು ನನ್ನ ಹೆಗಲು ಅಳೆದರು, ಎದೆ ಅಳೆದರು, ಆಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿ ಎಂದರು. ಕೋಟಿಗೂ ನಡಿಗೆಗೂ ಏನು ಸಂಬಂಧವೋ ಎಂದುಕೊಂಡು ನಡೆದೆ.

"ಮಾರಿ ಮಂತ್ರಿದು ಐತ್ರಿ," ಎಂದರು. "ನಡಿಗಿ ಮಾತ್ರ ಕಳ್ಳಂದು. ಎರಡರಾಗ ಒಂದು ಬಿಡ್ರಿ, ಪಾತ್ರ ಕೊಡ್ತೀನಿ."

ನನಗೆ ಮೈ ಉರಿದುಹೋಯಿತು. ಸರಕಾರದ ನೌಕರ ನಾನು, ಊರಿಗೆ ಬಂದು ಮೂರು ದಿನವಾಗಿರಲಿಲ್ಲ. ಏನಾದರೂ ಬಿಸಿಯಾಗಿ ಹೇಳಬೇಕೆನ್ನುವಷ್ಟರಲ್ಲಿ ಅಳತೆ ಬರೆದುಕೊಳ್ಳಿ ಎಂದು ಚೀಟಿ, ಪೆನ್ಸಿಲು ಮುಂದಿಟ್ಟರು. ಬರೆದೆ. ಅಕ್ಷರ ನೋಡಿದ್ದೇ ಆ ಮನುಷ್ಯ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬಿಡಲೊಲ್ಲರು. ಕೋಟು ಕೈಗೆ ಬರುವ ಮೊದಲೇ ನಾನು ಅವರ ನಾಟಕದ ನಕಲುಗಾರನಾಗಿದ್ದೆ. ಕೋಟು ಬಂದಾಗ ಎಡತೋಳು ಒಂದಂಗುಲ ಗಿಡ್ಡವಿತ್ತು. ಆ ವಿಷಯದಲ್ಲಿ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ನಕಲುಗಾರನ ಕೆಲಸ ಅಲ್ಲಿ ಸಲೀಸಲ್ಲ. ನಮ್ಮ ಆಟಗಾರರು ಮನೆಯಲ್ಲಿ ಕನ್ನಡ ಆಡುವವರೇ, ಆದರೆ ಅರ್ಧ ಜನ ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಅಂಕ ಮುಗಿದಿರುತ್ತಿತ್ತು. ಅಂಥವರಿಗೆಲ್ಲ ಕನ್ನಡದ ಮಾತನ್ನು ತೆಲುಗು ಅಕ್ಷರದಲ್ಲಿ ಬರೆದುಕೊಡಬೇಕು. ಹಗಲೆಲ್ಲ ಕಚೇರಿಯಲ್ಲಿ ಕ್ರಯಪತ್ರ ಬರೆದ ಕೈ, ಸಂಜೆ ಅಂಗಡಿಯಲ್ಲಿ ರಾಜರ ಮಾತು ಬರೆಯುತ್ತಿತ್ತು. ಒಂದು ಸಲ ನಮ್ಮ ರಾಜ ತಾಲೀಮಿನಲ್ಲಿ ತನ್ನ ರಾಜ್ಯಕ್ಕೆ ಚೆಕ್ಕುಬಂದಿ ಹೇಳಿದ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ಜಾಡು ಎಂದು. ತಪ್ಪು ನನ್ನದು, ಅರೆನಿದ್ದೆಯಲ್ಲಿ ಬರೆದಿದ್ದೆ. ಮಾಸ್ತರು ನಕ್ಕು ನಕ್ಕು ಅದನ್ನು ಹಾಗೆಯೇ ಉಳಿಸಿಕೊಂಡರು. ಜನಕ್ಕೂ ಅದು ಬಹಳ ಹಿಡಿಸಿತು.

ಅವರು ಕೂತು ಬರೆಯುವವರಲ್ಲ. ಯಂತ್ರ ತುಳಿಯುತ್ತಾ ಹೇಳುತ್ತಿದ್ದರು, ನಾನು ಬಟ್ಟೆಯ ಗಂಟುಗಳ ನಡುವೆ ಕೂತು ಬರೆದುಕೊಳ್ಳುತ್ತಿದ್ದೆ. ಯಂತ್ರ ಓಡುತ್ತಿದ್ದರೆ ಮಾತು ಸರಿಯಾಗಿದೆ ಎಂದು ಅರ್ಥ. ಗಕ್ಕನೆ ನಿಂತರೆ, ಅವರು ಬಾಯಿ ಬಿಡುವ ಮೊದಲೇ ನಾನು ಕಡೆಯ ಸಾಲನ್ನು ಹೊಡೆದುಹಾಕುತ್ತಿದ್ದೆ. ಆ ಅಂಗಡಿಯಲ್ಲಿ ತಯಾರಾದ ಬಟ್ಟೆಗಳ ಹೊಲಿಗೆ ನೋಡಿದರೆ ಯಾವ ದೃಶ್ಯ ಬರೆಯುವಾಗ ಹೊಲಿದದ್ದು ಎಂದು ನಾನು ಹೇಳಬಲ್ಲವನಾಗಿದ್ದೆ. ಯುದ್ಧದ ದೃಶ್ಯದಲ್ಲಿ ಹೊಲಿದ ಅಂಗಿಗಳು ಬೇಗ ಬಿಚ್ಚಿಕೊಳ್ಳುತ್ತಿದ್ದವು.

ಕಲಿಸುವಾಗ ಅವರಿಗೆ ಒಂದೇ ಹುಚ್ಚು: ಮಾತಿಗಿಂತ ಮೊದಲು ಕೈ. ಸಿಟ್ಟಿನ ಮಾತು ಆಡುವ ಮೊದಲು ರಾಜ ಹೆಗಲ ಮೇಲಿನ ವಸ್ತ್ರವನ್ನು ಸರಿ ಮಾಡಿಕೊಳ್ಳುತ್ತಾನೆ. ಸುಳ್ಳು ಹೇಳುವ ಮೊದಲು ಮಂತ್ರಿ ಬಾಯಿ ಒರೆಸಿಕೊಳ್ಳುತ್ತಾನೆ. "ಅಳೂದು, ಸಿಟ್ಟಾಗೂದು ಎಲ್ಲಾರಿಗೂ ಬರ್ತೈತ್ರಿ," ಎನ್ನುತ್ತಿದ್ದರು. "ಅದಕ್ಕಿಂತ ಮೊದಲ ಮನಿಷಾ ಏನ್ ಮಾಡ್ತಾನ, ಅದನ್ನ ತಂದು ತೋರಸ್ರಿ." ತರದಿದ್ದರೆ ಆ ದಿನ ತಾಲೀಮು ಇಲ್ಲ. ರಾಜನ ಪಾತ್ರದ ಗಾಣದವನನ್ನು ಮೂರು ದಿನ ಸಂತೆಗೆ ಓಡಿಸಿದ್ದರು, ಚೌಕಾಸಿಯಲ್ಲಿ ಸೋತವನ ಕೈ ಎಲ್ಲಿ ಹೋಗುತ್ತದೆ ನೋಡಿಕೊಂಡು ಬಾ ಎಂದು.

ಹೆಣ್ಣಿನ ವೇಷಕ್ಕೆ ಅವರ ಓದು ಬೇರೆಯೇ. ಊರಿನ ಹೆಂಗಸರು ಅಳತೆಗೆಂದು ಹಳೆಯ ಕುಪ್ಪಸ ಕಳಿಸುತ್ತಿದ್ದರು. ಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಡ ಹೆಗಲು ಸವೆದಿದ್ದರೆ ದೂರದಿಂದ ನೀರು ಹೊರುವಾಕೆ. ಬಲ ಮೊಣಕೈ ಹರಿದಿದ್ದರೆ ಬೀಸುವ ಕಲ್ಲಿನ ಕೆಲಸ. ಎದೆಯ ಮೇಲೆ ಸಣ್ಣ ಕಲೆಗಳಿದ್ದರೆ ಮಡಿಲಲ್ಲಿ ಕೂಸಿದೆ. ಆಮೇಲೆ ಆ ಕುಪ್ಪಸದವಳಂತೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ತೋರಿಸುತ್ತಿದ್ದರು, ಮೀಸೆ ಬೋಳಿಸಿದ ಆ ದಪ್ಪ ಮುಖದ ದರ್ಜಿ ನನ್ನ ಕಣ್ಣೆದುರೇ ಮಾಯವಾಗಿಬಿಡುತ್ತಿದ್ದರು. ನನಗೆ ರೋಮ ನಿಲ್ಲುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಒಂದೇ ಒಂದು ಕಡೆ ಕಣ್ಣಿಗೆ ಪೊರೆ ಕಟ್ಟಿತ್ತು. ಅದನ್ನು ಕಟ್ಟಿದವರು ಗಂಡಸರು. ರಾತ್ರಿಯ ನಾಟಕ, ಗ್ಯಾಸ್‌ದೀಪದ ಬೆಳಕು, ಮುಂದೆ ಕೂತವರೆಲ್ಲ ಗಂಡಸರೇ. ಮಾಸ್ತರು ಮಗ ಸತ್ತ ತಾಯಿಯಾಗಿ ಎದೆ ಬಡಿದುಕೊಂಡು, ಉರುಳಾಡಿ, ಶೋಕದ ಹಾಡು ಎತ್ತಿದರೆಂದರೆ 'ಒನ್ಸ್ ಮೋರ್' ಎಂದು ಕೂಗು ಏಳುತ್ತಿತ್ತು. ಎದ್ದು ಮತ್ತೆ ಬಿದ್ದು ಉರುಳಾಡುತ್ತಿದ್ದರು. ಮೂರು ಮೂರು ಸಲ. ಆ ತಾಯಿಯ ಪಾತ್ರಕ್ಕಾಗಿ ಕಣೇಕಲ್ಲಿನಿಂದ, ಅತ್ತ ಬಳ್ಳಾರಿಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಆ ನಾಟಕದ ಕತೆ ಇಷ್ಟೇ. ರಾಯದುರ್ಗದ ಬೆಟ್ಟದ ಮೇಲಿನ ಕೋಟೆಗೆ ವೈರಿ ಲಗ್ಗೆ ಹಾಕಿದ್ದಾನೆ. ಕೆಳಗಿನ ಪೇಟೆಯ ಒಬ್ಬ ಬಡ ತಾಯಿಯ ಒಬ್ಬನೇ ಮಗ ಕೋಟೆಬಾಗಿಲ ಕಾವಲಿಗೆ ನಿಂತಿದ್ದಾನೆ. ಮಗ ಬರುತ್ತಾನೆಂದು ಅವಳು ಅಡಿಗೆ ಮಾಡುತ್ತಿರುವಾಗ, ಸತ್ತನೆಂದು ಸುದ್ದಿ ಬರುತ್ತದೆ. ಎಲ್ಲರೂ ಇದನ್ನು ಊರಿನ ಹಳೆಯ ಕತೆ ಎಂದುಕೊಂಡಿದ್ದರು. ನಾನೂ ಹಾಗೆಯೇ ಎಂದುಕೊಂಡಿದ್ದೆ, ಅವರ ಹೆಂಡತಿಯ ಪರಿಚಯವಾಗುವ ತನಕ.

ಆಕೆ ನಮ್ಮ ಮಡಕಶಿರಾ ಕಡೆಯವಳು. ಇಡೀ ರಾಯದುರ್ಗದಲ್ಲಿ ನಮ್ಮ ಸೀಮೆಯ ಮಾತು ಆಡುತ್ತಿದ್ದವರು ನಾವಿಬ್ಬರೇ, ಹಾಗಾಗಿ ಮೊದಲ ದಿನವೇ ನನ್ನನ್ನು ಅಣ್ಣ ಎಂದಳು. ನಾಟಕದವರಿಗೆಲ್ಲ ಅಡಿಗೆ ಮಾಡಿ ಬಡಿಸುತ್ತಿದ್ದಳು; ನಾಟಕ ಮಾತ್ರ ಒಂದನ್ನೂ ನೋಡಿರಲಿಲ್ಲ. ಕಾರಣವನ್ನು ಹೇಳಿದವಳು ಅವರ ಪಕ್ಕದ ಮನೆಯ ಅಜ್ಜಿ. ನಾನು ಆ ಊರಿಗೆ ಬರುವ ಮೊದಲಿನ ಮಾತು. ಅವರಿಗೆ ನಾಲ್ಕು ವರ್ಷದ ಒಬ್ಬ ಮಗನಿದ್ದ. ಮಾಸ್ತರ ಆಟ ಕಣೇಕಲ್ಲಿನಲ್ಲಿ ಗೊತ್ತಾಗಿತ್ತು. ಮುಗಿಸಿ ಬರುವವರಿಗೆ ಅಡಿಗೆಯಾಗಬೇಕೆಂದು ಆಕೆ ಮಗುವನ್ನು ತವರಿನಲ್ಲಿ ಬಿಟ್ಟು ಒಬ್ಬಳೇ ರಾಯದುರ್ಗಕ್ಕೆ ಬಂದಿದ್ದಳು. ತಂಡ ವಾಪಸಾಗುವ ದಿನವೇ ಮಡಕಶಿರಾದಿಂದ ಆಳು ಬಂತು, ಮಗು ಜ್ವರದಲ್ಲಿ ಹೋಯಿತೆಂದು. ಆಕೆ ಬಂದವನ ಜೊತೆಯಲ್ಲೇ ಹೊರಟುಹೋದಳು. ಮಾಸ್ತರು ತಂಡ ಕಟ್ಟಿಕೊಂಡು ನಗುನಗುತ್ತಾ ಬಂದಾಗ ಮನೆಯಲ್ಲಿ ಆಗಿದ್ದ ಅಡಿಗೆಯನ್ನು ಅಜ್ಜಿಯೇ ಎಲ್ಲರಿಗೂ ಬಡಿಸಿದಳು. ಹಸಿದು ಬಂದವನಿಗೆ ಸಾವಿನ ಸುದ್ದಿ ಹೇಳಬಾರದಲ್ಲ. ಊಟವಾಗಿ ಕೈ ತೊಳೆದ ಮೇಲೆ ಹೇಳಿದಳು.

ಅಲ್ಲಿಂದಾಚೆ ಗಂಡ ಹೆಂಡಿರ ನಡುವೆ ಆ ದಿನದ ಮಾತು ಬಂದೇ ಇರಲಿಲ್ಲ. ಆಕೆ ನಾಟಕ ಬಿಡಿ ಅನ್ನಲಿಲ್ಲ, ನೋಡಲು ಬರುತ್ತೇನೆ ಎಂದೂ ಅನ್ನಲಿಲ್ಲ. ಇವರು ಕೇಳಲಿಲ್ಲ. ಕೇಳುವ ಬದಲು ಈ ನಾಟಕ ಬರೆದರು. ಆ ತಾಯಿಯ ಪುಟವೊಂದನ್ನೇ ನಾನು ಎಷ್ಟು ಸಲ ನಕಲು ಮಾಡಿದ್ದೇನೆ ಎಂದು ಲೆಕ್ಕವಿಟ್ಟಿಲ್ಲ. ಯಂತ್ರ ಅಲ್ಲಿಗೆ ಬಂದಾಗಲೆಲ್ಲ ನಿಲ್ಲುತ್ತಿತ್ತು. ಹಾಡನ್ನು ಉದ್ದ ಮಾಡಿದರೆ ಮುಂದಕ್ಕೆ ಓಡುತ್ತಿತ್ತು, ಹಾಗಾಗಿ ಹಾಡು ಉದ್ದವಾಗುತ್ತಾ ಹೋಯಿತು.

ಹೀಗಿರುವಾಗ ಯುದ್ಧ ಬಂತು. ಅಕ್ಕಿ, ಸೀಮೆಎಣ್ಣೆ ಎಲ್ಲ ಕಂಟ್ರೋಲಿಗೆ ಹೋದವು. ಮನೆಯ ದೀಪಕ್ಕೇ ಎಣ್ಣೆ ಇಲ್ಲದಿರುವಾಗ ಆರು ಗ್ಯಾಸ್‌ದೀಪಕ್ಕೆ ಎಲ್ಲಿಂದ ತರುವುದು? ಎರಡು ವರ್ಷ ನಾಟಕ ನಿಂತಿತು. ಮಾಸ್ತರು ಕತ್ತರಿ ಹಿಡಿದು ಸುಮ್ಮನೆ ಬೀದಿ ನೋಡುತ್ತಾ ಕೂತಿರುತ್ತಿದ್ದರು. ಒಂದು ದಿನ ನಾನು ಕಚೇರಿಯಿಂದ ಬರುವಾಗ ಅಂಗಡಿಯಿಂದ ಹೊರಗೆ ಹಾರಿ ಬಂದು ನನ್ನ ತೋಳು ಹಿಡಿದು ಬೆಟ್ಟದ ಕಡೆ ತಿರುಗಿಸಿದರು.

"ನಮಗ ದೀಪ ಯಾಕ ಬೇಕ್ರಿ? ಅಲ್ಲಿ ನೋಡ್ರಿ, ಕೋಟಿ ನಿಂತೈತಿ. ಮ್ಯಾಲೆ ಸೂರ್ಯ ನಿಂತಾನ."

ಹಗಲು ನಾಟಕ! ಆಟಗಾರರೆಲ್ಲ ಒಂದೇ ಸಲ ಮುನಿದರು. ನಾವೇನು ಮನೆ ಮನೆ ಮುಂದೆ ಹಗಲುವೇಷ ಹಾಕುವವರೇ ಎಂದ ಗಾಣದವನು ಕಿರೀಟ ವಾಪಸು ತಂದುಕೊಟ್ಟ. ಮಾಸ್ತರು ಅವನನ್ನು ಬೆಟ್ಟದ ಬುಡದ ಬಯಲಿಗೆ ಕರೆದುಕೊಂಡು ಹೋದರು. ಹುಸೇನನನ್ನು ಕೋಟೆಯ ಕೆಳಗಿನ ಬಾಗಿಲಿಗೆ ಹತ್ತಿಸಿ, ಓಡಿ ಇಳಿದು ಬಾ ಎಂದು ಕೂಗಿದರು. ಸುದ್ದಿ ತರುವ ಸೈನಿಕನ ಪಾತ್ರ ಹುಸೇನನದು. ಮೊದಲು ಬಂಡೆಗಳ ನಡುವೆ ಒಂದು ಕೆಂಪು ಚುಕ್ಕೆ. ಆಮೇಲೆ ರುಮಾಲು. ಆಮೇಲೆ ಓಡುವ ಕಾಲು. ಇಲ್ಲಿ ಕೂತವರಿಗೆ ಸಾವು ಬರುವುದು ಕಾಣುತ್ತಿದೆ, ಬೆಟ್ಟಕ್ಕೆ ಬೆನ್ನು ಮಾಡಿ ಅಡಿಗೆ ಮಾಡುವ ತಾಯಿಗೆ ಮಾತ್ರ ಕಾಣುತ್ತಿಲ್ಲ. ಯಾವ ಕಂಪನಿಯ ಯಾವ ಪರದೆ ಇದನ್ನು ತೋರಿಸಬಲ್ಲದು? ಗಾಣದವನು ಕಿರೀಟ ಎತ್ತಿಕೊಂಡು ಮನೆಗೆ ಹೋದ.

ಆದರೆ ಬಿಸಿಲು ಯಾರ ಮುಲಾಜೂ ನೋಡುವುದಿಲ್ಲ. ದೀಪದಲ್ಲಿ ಚಿನ್ನದಂತೆ ಹೊಳೆಯುತ್ತಿದ್ದ ಮುಖದ ಬಣ್ಣ ಹಗಲಿಗೆ ಸುಣ್ಣ ಬಳಿದ ಗೋಡೆಯಾಯಿತು. ಮಾಸ್ತರು ಅಂಗಳದಲ್ಲಿ ಕನ್ನಡಿ ನೋಡಿಕೊಂಡು, ಮುಖ ತೊಳೆದುಕೊಂಡು ಬಂದು, ಬಣ್ಣವೇ ಬೇಡ ಎಂದರು. ನಲವತ್ತು ದಾಟಿದ ಗಂಡಸು ಬರಿ ಮುಖದಲ್ಲಿ, ಸೀರೆ ಕುಂಕುಮದಲ್ಲಿ ಜನರೆದುರು ನಿಲ್ಲುವುದೆಂದರೆ ಹುಡುಗಾಟವೇ? ಹಿಂದೆ ಒಲೆ ಎಂದರೆ ಮೂರು ಕಲ್ಲು, ಒಳಗೊಂದು ದೀಪ, ಸುತ್ತ ಕೆಂಪು ಕಾಗದ. ಹಗಲಿಗೆ ಅದು ಬರಿ ಕಾಗದವಾಗಿಯೇ ಕಾಣುತ್ತದೆಂದು ನಿಜವಾದ ಒಲೆ, ನಿಜವಾದ ಬೆಂಕಿ, ನಿಜವಾದ ಅಕ್ಕಿ ಎಂದು ತೀರ್ಮಾನವಾಯಿತು. ಕಂಟ್ರೋಲಿನ ಕಾಲದಲ್ಲಿ ನಾಟಕಕ್ಕೆ ಅಕ್ಕಿ! ನಮ್ಮ ಮಂತ್ರಿ ಪಾತ್ರದವನ ಮಾವನ ಮನೆ ಕಣೇಕಲ್ಲಿನ ಕೆರೆ ಕೆಳಗೆ. ಅವನು ಎರಡು ಸೇರು ಅಕ್ಕಿಯನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಬಂದ.

ಇದೆಲ್ಲಕ್ಕಿಂತ ದೊಡ್ಡ ಸುದ್ದಿ ಬೇರೆ. ಹಗಲಾದ್ದರಿಂದ ಈ ಸಲ ಹೆಂಗಸರು ಬರುತ್ತಾರೆ! ಪೇಟೆಯಲ್ಲಿ, ಬಾವಿಕಟ್ಟೆಯಲ್ಲಿ ಅದೇ ಮಾತು. ಜೀವಮಾನವೆಲ್ಲ ಗಂಡಸರ ಮುಂದೆ ಹೆಂಗಸಾದವರು ಈಗ ಹೆಂಗಸರ ಮುಂದೆ ಹೆಂಗಸಾಗಬೇಕು. ನಾಟಕದ ಹಿಂದಿನ ದಿನ ಮಾಸ್ತರು ನನ್ನ ಕಚೇರಿಗೇ ಬಂದರು. ಟೇಪು ಕೊರಳಲ್ಲೇ ಇತ್ತು, ಮುಖ ಬೆವರಿತ್ತು.

"ಆಕೀನೂ ಬರ್ತಾಳಂತ್ರಿ," ಎಂದರು. "ಯಾರು ನಕ್ಕರೂ ತಡಕೊಂತೀನಿ. ಆಕಿ ಎದ್ದು ಹೋದಳಂದ್ರ ನಾ ಮತ್ತ ಸೀರಿ ಉಡಂಗಿಲ್ಲ."

ಇದು ಬಾಯಿಮಾತಲ್ಲ ಎಂದು ನನಗೆ ಗೊತ್ತಿತ್ತು.

ಮಾರನೆಯ ದಿನ ಊಟದ ಹೊತ್ತಿಗೇ ಬಯಲು ತುಂಬಿತು. ಬಲಗಡೆ ಗಂಡಸರು, ಎಡಗಡೆ ಹೆಂಗಸರು. ಹೆಂಗಸರೆಂದರೆ ಅಷ್ಟಿಷ್ಟಲ್ಲ, ಸೆರಗುಗಳ ಒಂದು ಹೊಲವೇ ಎದ್ದು ಬಂದಿತ್ತು. ಮೂರನೆಯ ಸಾಲಿನಲ್ಲಿ ಅಜ್ಜಿಯ ಪಕ್ಕ ಮಾಸ್ತರ ಹೆಂಡತಿ ಕೂತಿದ್ದಳು. ನನಗೆ ಎರಡು ಕೆಲಸ: ಚಪ್ಪರದ ಮರೆಯಲ್ಲಿ ಕೂತು ಮಾತು ಎತ್ತಿಕೊಡುವುದು, ಮತ್ತು ತಾಯಿ ಎಸರಿಗೆ ಅಕ್ಕಿ ಹಾಕಿದ ಕೂಡಲೇ ಕೆಂಪು ಬಟ್ಟೆ ಬೀಸಿ ಮೇಲಿರುವ ಹುಸೇನನನ್ನು ಹೊರಡಿಸುವುದು. ಅಕ್ಕಿ ಬೇಯುತ್ತಿರುವಾಗಲೇ ಅವನು ಬಂದು ತಲುಪುವಂತೆ ಲೆಕ್ಕ ಹಾಕಿ ಇಟ್ಟಿದ್ದೆವು.

ಮಾಸ್ತರು ಬಿಂದಿಗೆ ಹೊತ್ತು ಬಂದರು. ಹೆಂಗಸರ ಕಡೆಯಿಂದ ಒಂದಿಬ್ಬರು ಕಿಸಕ್ಕೆಂದರು. ಬಿಂದಿಗೆ ಇಳಿಸಿ, ಎಡ ಹೆಗಲನ್ನು ಒಮ್ಮೆ ತಿರುವಿ, ಕುಪ್ಪಸದ ಆ ಸವೆದ ಜಾಗವನ್ನು ಬಲಗೈಯಿಂದ ತಿಕ್ಕಿಕೊಂಡರು ನೋಡಿ, ನಗು ನಿಂತೇಹೋಯಿತು. ಒಲೆ ಊದಿದರು, ಕಣ್ಣೊರೆಸಿಕೊಂಡರು, ಬಯಲಿನ ಹೆಂಗಸರೂ ಕಣ್ಣು ಕಿರಿದು ಮಾಡಿದರು. ಗೆಲ್ಲುತ್ತಿದ್ದಾರೆ! ನಾನು ಉಬ್ಬಿಹೋದೆ. ಆಕೆಯ ಮುಖ ಹೇಗಿದೆಯೆಂದು ನೋಡೋಣ ಎಂದು ಚಪ್ಪರದ ಸಂದಿಯಿಂದ ಇಣುಕಿದೆ. ಆಕೆಯ ಮುಖದಲ್ಲಿ ಏನೂ ಇರಲಿಲ್ಲ. ಏನಾದರೂ ಬರುತ್ತದೆಯೇ ಎಂದು ನೋಡುತ್ತಾ ನೋಡುತ್ತಾ ಅಕ್ಕಿ ಎಸರಿಗೆ ಬಿದ್ದದ್ದೇ ನನಗೆ ತಿಳಿಯಲಿಲ್ಲ. ಬಟ್ಟೆ ಬೀಸಿದಾಗ ತಡವಾಗಿಹೋಗಿತ್ತು.

ಹುಸೇನ ಇಳಿಯತೊಡಗಿದ. ಜನ ಕಂಡರು. ಮೊದಲು ಪಿಸುಮಾತು, ಆಮೇಲೆ ಅದೂ ಇಲ್ಲ. ಹೆಂಗಸರ ನಡುವಿನಿಂದ ಒಬ್ಬಳು ತಡೆಯಲಾರದೆ, ಹಿಂದೆ ನೋಡವ್ವಾ ಎಂದಳು. ಮಾಸ್ತರು ನೋಡಲಿಲ್ಲ. ಹುಸೇನ ಏದುಸಿರು ಬಿಡುತ್ತಾ ಬಂದು ನಿಂತು, "ಅವ್ವಾ, ನಿನ್ನ ಮಗ ಬಾಗಿಲ ಬಿಡಲಿಲ್ಲ" ಎಂದ. ನಾಟಕದಲ್ಲಿ ಅವನಿಗಿದ್ದ ಮಾತು ಅದೊಂದೇ.

ಮಾಸ್ತರು ಕೂಗಿಕೊಂಡು ಬಿದ್ದರು. ಎದೆ ಬಡಿದುಕೊಂಡರು, ಉರುಳಾಡಿದರು, ಹಾಡು ಎತ್ತಿದರು. ಬಲಗಡೆಯಿಂದ 'ಒನ್ಸ್ ಮೋರ್' ಎಂದು ಕೂಗು ಎದ್ದಿತು. ಎಡಗಡೆಯಿಂದ ಉಸಿರಿಲ್ಲ. ನಾನು ನೋಡುತ್ತೇನೆ, ಅಷ್ಟೂ ಹೆಂಗಸರಲ್ಲಿ ಒಬ್ಬಳಾದರೂ ಮಾಸ್ತರನ್ನು ನೋಡುತ್ತಿಲ್ಲ! ಎಲ್ಲರ ಕಣ್ಣೂ ಒಲೆಯ ಮೇಲೆ. ಗಡಿಗೆಯ ಮುಚ್ಚಳ ಕುಣಿಯುತ್ತಿದೆ, ಗಂಜಿ ಉಕ್ಕಿ ಬೆಂಕಿಗೆ ಸುರಿದು ಚುಂಯ್ ಎನ್ನುತ್ತಿದೆ, ಕಣೇಕಲ್ಲಿನ ಅಕ್ಕಿ ಹಾಳಾಗುತ್ತಿದೆ. ಸಾಲುಸಾಲಿನಲ್ಲಿ ಹೆಂಗಸರ ಕೈಗಳು ಮೇಲೇಳುತ್ತವೆ, ಇಳಿಯುತ್ತವೆ. ಆಗ ಮೂರನೆಯ ಸಾಲಿನಿಂದ ಒಂದು ದನಿ ಬಂತು. ಅಜ್ಜಿಗೆ ಹೇಳಿದ ಮಾತು, ಜೋರಾಗಿಯೂ ಇರಲಿಲ್ಲ.

"ಯಾವ ಹೆಂಗ್ಸು ಹಿಂಗೆ ಮಾಡ್ತಾಳಜ್ಜಿ? ಮೊದ್ಲು ಗಡಿಗೆ ಇಳಿಸ್ತಾಳೆ. ಆಮೇಲೆ ಅಳ್ತಾಳೆ."

ನಮ್ಮ ಮಡಕಶಿರಾ ಮಾತು. ಆ ಬಯಲಿನಲ್ಲಿ ಹಾಗೆ ಆಡುವ ಹೆಂಗಸು ಒಬ್ಬಳೇ.

ಮಾಸ್ತರ ಉರುಳಾಟ ಗಕ್ಕನೆ ನಿಂತಿತು. ಮುಖ ಮಣ್ಣಿನಲ್ಲೇ ಇತ್ತು. ಎದ್ದು ಒಳಗೆ ನಡೆದರೆ ಮುಗಿಯಿತು, ಇನ್ನು ಈ ಮನುಷ್ಯ ಸೀರೆ ಉಡುವುದಿಲ್ಲ. ಎದ್ದರು. ಒಳಗೆ ಹೋಗಲಿಲ್ಲ. ಒನ್ಸ್ ಮೋರ್ ಎಂದು ಕೂಗುತ್ತಿದ್ದ ಗಂಡಸರತ್ತ ಕೈ ತೋರಿಸಿ ಸುಮ್ಮನಾಗಿಸಿದರು. ಹುಸೇನನ ಕಡೆ ತಿರುಗಿ, "ಇನ್ನೊಮ್ಮಿ ಬಾರಪ್ಪಾ" ಎಂದರು. ಮೈಯ ಮಣ್ಣು ಕೊಡವಿಕೊಂಡು, ಬೆಟ್ಟಕ್ಕೆ ಬೆನ್ನು ಮಾಡಿ ಒಲೆಯ ಮುಂದೆ ಕೂತರು.

ಹುಸೇನ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಓಡಿಬಂದ. "ಅವ್ವಾ, ನಿನ್ನ ಮಗ ಬಾಗಿಲ ಬಿಡಲಿಲ್ಲ."

ತಾಯಿ ಕೇಳಿಸಿಕೊಂಡಳು. ಸೆರಗಿನ ತುದಿಯನ್ನು ಎರಡೂ ಕೈಗೆ ಸುತ್ತಿಕೊಂಡಳು. ಉಕ್ಕುತ್ತಿದ್ದ ಗಡಿಗೆಯನ್ನು ಇಳಿಸಿ, ಅಲ್ಲಾಡದಂತೆ ನೆಲಕ್ಕೆ ಕೂರಿಸಿ, ಮುಚ್ಚಳ ಮುಚ್ಚಿದಳು. ಉರಿಯುವ ಸೌದೆಯನ್ನು ಹೊರಗೆಳೆದಳು. ಕೈ ಒರೆಸಿಕೊಂಡಳು. ಇನ್ನೇನಾದರೂ ಕೆಲಸ ಉಳಿದಿದೆಯೇ ಎಂದು ಸುತ್ತ ನೋಡಿದಳು. ಏನೂ ಉಳಿದಿರಲಿಲ್ಲ. ಕೂತಳು.

ನಾನು ಅಭ್ಯಾಸಬಲದಿಂದ ಹಾಡಿನ ಮೊದಲ ಮಾತನ್ನು ಎತ್ತಿಕೊಟ್ಟೆ. ಮಾಸ್ತರು ನನ್ನ ಕಡೆ ಒಮ್ಮೆ ನೋಡಿದರು. ಪುಸ್ತಕ ಮುಚ್ಚಿದೆ. ಎಡಗಡೆಯಿಂದ ಅಳು ಶುರುವಾಯಿತು, ಒಬ್ಬರಿಂದ ಒಬ್ಬರಿಗೆ ಹತ್ತಿ, ಆಮೇಲೆ ಬಲಗಡೆಗೂ ಬಂತು. ಗಾಣದವನು ಕಿರೀಟ ಕೈಯಲ್ಲಿ ಹಿಡಿದು ಅಳುತ್ತಿದ್ದ. ಒನ್ಸ್ ಮೋರ್ ಎಂದು ಒಬ್ಬನೂ ಕೂಗಲಿಲ್ಲ. ನನಗಂತೂ ಕುಣಿಯಬೇಕೆನಿಸುತ್ತಿತ್ತು, ಅಳುತ್ತಲೂ ಇದ್ದೆ. ಅಂಥ ನಾಟಕ ನಾನು ಮತ್ತೆ ನೋಡಲಿಲ್ಲ!

ಮಂಗಳ ಹಾಡಿ ಜನ ಚದುರಿದ ಮೇಲೆ ಆಕೆ ಅಜ್ಜಿಯೊಡನೆ ಬಂದಳು. ಗಂಡನ ಮುಖ ನೋಡಲಿಲ್ಲ, ಮೊದಲು ಗಡಿಗೆಯ ಮುಚ್ಚಳ ತೆಗೆದು ಒಂದು ಅಗುಳು ಹಿಸುಕಿ ನೋಡಿ, ಬೆಂದಿದೆ, ಬಿಸಿಯಿರುವಾಗಲೇ ಉಣ್ಣಿ ಎಂದಳು. ರಾಜ, ಮಂತ್ರಿ, ಹುಸೇನ, ನಾನು, ಎಲ್ಲರೂ ಎಲೆಯ ಮೇಲೆ ಒಂದೊಂದು ಹಿಡಿ ಹಾಕಿಸಿಕೊಂಡೆವು. ಮಾಸ್ತರು ಮಾತ್ರ ಸೀರೆಯಲ್ಲೇ ಕೂತಿದ್ದರು. ಹೆಂಡತಿಯತ್ತ ತಿರುಗಿ ಕೇಳಿದರು.

"ಅವತ್ತ ಗಡಿಗಿ ನೀನ ಇಳಿಸಿ ಹೋದಿ ಏನು?"

"ಇನ್ಯಾರು ಇಳಿಸ್ತಾರೆ?" ಎಂದಳು. "ನೀವು ಹಸ್ಕೊಂಡು ಬರ್ತೀರಲ್ಲ."

ಮಾಸ್ತರು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಎಲೆ ಎತ್ತಿಕೊಂಡು ದೂರ ಹೋದೆ, ಉಳಿದವರನ್ನೂ ಕರೆದುಕೊಂಡು ಹೋದೆ. ತಿರುಗಿ ನೋಡಿದಾಗ ಆರಿದ ಒಲೆಯ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದರು. ಆಕೆ ಏನೋ ಹೇಳುತ್ತಿದ್ದಳು, ಅವರು ತಲೆ ಆಡಿಸುತ್ತಾ ಕೇಳುತ್ತಿದ್ದರು. ಬಿಸಿಲು ಇನ್ನೂ ಇತ್ತು.

ಅಲ್ಲಿಂದಾಚೆಯ ಮಾಸ್ತರೇ ಬೇರೆ. ಸೀರೆ ಬಿಡಲಿಲ್ಲ, ಹಾಡನ್ನು ಬಿಟ್ಟರು. ಅಷ್ಟು ಚೆಂದವಾಗಿ ನಕಲು ಮಾಡಿದ್ದ ನನ್ನ ಪುಟಗಳನ್ನು ಹರಿದು ಒಲೆಗೆ ಹಾಕಿದರು, ಅದಕ್ಕೂ ನಾನು ಕ್ಷಮಿಸಿಲ್ಲ. ಯುದ್ಧ ಮುಗಿದು ಸೀಮೆಎಣ್ಣೆ ಬಂದರೂ ವರ್ಷಕ್ಕೊಂದು ಹಗಲಾಟ ತಪ್ಪಿಸಲಿಲ್ಲ. ಹೊಸ ನಾಟಕ ಹೇಳುವಾಗ ಒಳಗಿನಿಂದ ಆಕೆ ಕೆಮ್ಮಿದರೆ ಸಾಕು, ಯಂತ್ರ ನಿಲ್ಲುತ್ತಿತ್ತು. "ಏನಾಯ್ತು, ಕೈ ತಪ್ಪೇನು?" ಎಂದು ಕೂಗಿ ಕೇಳುತ್ತಿದ್ದರು. ಒಂದು ವರ್ಷ ಮಡಕಶಿರಾಕ್ಕೂ ಆ ನಾಟಕ ತಂದರು. ಆಕೆಯ ತವರಿನವರು, ಮಗುವನ್ನು ಮಣ್ಣು ಮಾಡಿದವರು, ಎಲ್ಲರೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ದಿನ ಒಲೆ ಹೊತ್ತಿಸಿ ಎಸರಿಟ್ಟು ಕೊಟ್ಟವಳು ಆಕೆಯೇ. ರಾಯದುರ್ಗದ ಮೊದಲ ಆಟದಲ್ಲಿ ಗಡಿಗೆ ಉಕ್ಕಿದ್ದನ್ನು ಮಾತ್ರ ಮಾಸ್ತರು ಜೀವವಿರುವ ತನಕ ನಿಧಾನವಾಗಿ ಇಳಿದ ಹುಸೇನನ ಮೊಣಕಾಲಿನ ಮೇಲೆ ಹಾಕಿ ರೇಗಿಸುತ್ತಿದ್ದರು. ಹುಸೇನ ನಗುತ್ತಿದ್ದ. ನಾನು ನೆಲ ನೋಡುತ್ತಿದ್ದೆ.

ಕಾರ್ಡು ಬಂದ ಮಾರನೆಯ ದಿನ ರಾಯದುರ್ಗಕ್ಕೆ ಹೋದೆ. ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಆಕೆ ಚಾಪೆ ಹಾಕಿ, ಪ್ರಯಾಣದ ವಿಚಾರ, ಮಗಳ ಬಾಣಂತನದ ವಿಚಾರ ಕೇಳಿದಳು. ಕಣ್ಣಲ್ಲಿ ಒಂದು ಹನಿಯಿಲ್ಲ. ಹುಸೇನ ಬರೆದಂತೆ ಗಟ್ಟಿಯಾಗಿಯೇ ಇದ್ದಳು. ನಾನು ಹಾಲು ಉಕ್ಕಿಸಿದ್ದನ್ನು ಹೇಳಿದೆ. ಹೇಳಿದ ಮೇಲೆ, ಇನ್ನು ಯಾರಿಗೆ ಹೇಳುವುದು ಎನಿಸಿ ಹಳೆಯದನ್ನೂ ಹೇಳಿಬಿಟ್ಟೆ: ಅವತ್ತು ತಪ್ಪು ಹುಸೇನನದಲ್ಲ, ನಿನ್ನ ಮುಖ ನೋಡುತ್ತಾ ಕೂತು ನಾನೇ ಬಟ್ಟೆ ಬೀಸುವುದನ್ನು ಮರೆತೆ, ಅವರಿಗೆ ಕಡೆಯವರೆಗೂ ಹೇಳಲಿಲ್ಲ.

ಆಕೆ ನನ್ನನ್ನೇ ನೋಡಿದಳು.

"ಮರೆತಿದ್ದೇ ಒಳ್ಳೇದಾಯ್ತು ಕಣಣ್ಣ. ಅವತ್ತು ಗಡಿಗೆ ಉಕ್ಕದೆ ಇದ್ದಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ."

ಒಳಗೆ ಒಲೆಯ ಮೇಲೆ ನನಗೆಂದು ಇಟ್ಟಿದ್ದ ಅನ್ನದ ಸದ್ದಾಯಿತು. ಆಕೆ ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ಹೋದಳು. ಗಡಿಗೆ ಇಳಿಸಿದ್ದು ಕೇಳಿಸಿತು, ಮುಚ್ಚಳ ಮುಚ್ಚಿದ್ದು ಕೇಳಿಸಿತು, ಸೌದೆ ಹೊರಗೆಳೆದದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಆಕೆ ಹೊರಗೆ ಬರಲಿಲ್ಲ.